ನೆಟ್ ಉಂಟು, ಸ್ಪೀಡ್ ಇಲ್ಲ: ಕರಾವಳಿಯ ಮನೆಗಳಲ್ಲಿ ವೈರ್‌ಲೆಸ್ ಬ್ರಾಡ್‌ಬ್ಯಾಂಡ್ ತೆವಳುವುದು ಯಾಕೆ?

ದೇಶದ ಶೇ 99ಕ್ಕೂ ಹೆಚ್ಚು ಜಿಲ್ಲೆಗಳಿಗೆ 5ಜಿ ತಲುಪಿದೆ ಎಂದು ಕೇಂದ್ರ ಸರ್ಕಾರ ಪದೇ ಪದೇ ಹೇಳುತ್ತಾ ಬಂದಿದೆ. ಆ ಲೆಕ್ಕದಲ್ಲಿ ದಕ್ಷಿಣ ಕನ್ನಡವೂ ಇದೆ, ಉಡುಪಿಯೂ ಇದೆ. ಆದರೆ ಪದವಿನಂಗಡಿಯಲ್ಲೋ ಪರ್ಕಳದಲ್ಲೋ ಮನೆಗೆ ವೈರ್‌ಲೆಸ್ ಬ್ರಾಡ್‌ಬ್ಯಾಂಡ್ ಹಾಕಿಸಿಕೊಂಡವರನ್ನು ಕೇಳಿ ನೋಡಿ. ‘ನೆಟ್ ಉಂಟು, ಸ್ಪೀಡ್ ಇಲ್ಲ’ ಅಂತಾರೆ. ರಾತ್ರಿ ಎಂಟರ ಹೊತ್ತಿಗೆ ಟಿವಿಯಲ್ಲಿ ಚಕ್ರ ಸುತ್ತುತ್ತದೆ. ಆಫೀಸಿನ ವಿಡಿಯೋ ಕಾಲ್‌ನಲ್ಲಿ ಮುಖ ಕಲ್ಲಾಗಿ ನಿಲ್ಲುತ್ತದೆ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ ಎರಡು ದಿನದಲ್ಲಿ ಸರಿಯಾಗುತ್ತದೆ ಎಂಬ ಉತ್ತರ ಸಿಗುತ್ತದೆ. ಎರಡು ದಿನದ ನಂತರವೂ ಅದೇ ಉತ್ತರ.

ಇಲ್ಲಿ ಸರ್ಕಾರದ ಅಂಕಿ ಸುಳ್ಳಲ್ಲ, ಗ್ರಾಹಕರ ದೂರೂ ಸುಳ್ಳಲ್ಲ. ಜಿಲ್ಲೆಗೆ 5ಜಿ ಬರುವುದು ಬೇರೆ, ನಿಮ್ಮ ಮನೆಯ ಹಾಲ್‌ಗೆ ರಾತ್ರಿ ಎಂಟಕ್ಕೆ 100 ಎಂಬಿಪಿಎಸ್ (ಸೆಕೆಂಡಿಗೆ ಇಷ್ಟು ಮೆಗಾಬಿಟ್ ಎಂಬ ವೇಗದ ಅಳತೆ) ಬರುವುದು ಬೇರೆ. ಮೊದಲನೆಯದನ್ನು ಸರ್ಕಾರ ಎಣಿಸುತ್ತದೆ. ಎರಡನೆಯದಕ್ಕೆ ಗ್ರಾಹಕರು ದುಡ್ಡು ಕೊಡುತ್ತಾರೆ. ಆದರೆ ಆ ಎರಡನೆಯದನ್ನು ಅಳೆದು ನೋಡುವವರು ಯಾರೂ ಇಲ್ಲ. ಇಡೀ ಗೊಂದಲ ಶುರುವಾಗುವುದು ಅಲ್ಲಿಂದ.

ಹೆಸರಲ್ಲಿ ಫೈಬರ್, ಬರುವುದು ಗಾಳಿಯಲ್ಲಿ

ಭಾರತದಲ್ಲಿ 5ಜಿ ಶುರುವಾದದ್ದು 2022ರ ಅಕ್ಟೋಬರ್ 1ರಂದು. ಮೊದಲಿಗೆ ಅದು ಫೋನಿನ ಮಾತಾಗಿತ್ತು. 2023ರ ಆಗಸ್ಟ್‌ನಲ್ಲಿ ಏರ್‌ಟೆಲ್, ಸೆಪ್ಟೆಂಬರ್‌ನಲ್ಲಿ ಜಿಯೋ ಅದೇ 5ಜಿಯನ್ನು ಮನೆಯ ಬ್ರಾಡ್‌ಬ್ಯಾಂಡ್ ಆಗಿ ಮಾರಲು ಆರಂಭಿಸಿದವು. ಎರಡೂ ಕಂಪನಿಗಳು ಇಟ್ಟ ಹೆಸರಿನಲ್ಲಿ ‘ಏರ್‌ಫೈಬರ್’ ಎಂಬ ಪದ ಇದೆ.

ಆ ಹೆಸರೇ ಅರ್ಧ ಗೊಂದಲಕ್ಕೆ ಕಾರಣ. ಇಲ್ಲಿ ನಿಮ್ಮ ಮನೆಯವರೆಗೆ ಫೈಬರ್, ಅಂದರೆ ಬೆಳಕಿನಲ್ಲಿ ಡೇಟಾ ಸಾಗಿಸುವ ಗಾಜಿನ ಎಳೆಯ ಕೇಬಲ್, ಬರುವುದಿಲ್ಲ. ಟೆರೇಸಿನಲ್ಲೋ ಗೋಡೆಯ ಹೊರಗೋ ಒಂದು ಬಿಳಿ ಡಬ್ಬಿ ಕೂರಿಸುತ್ತಾರೆ. ಅದು ಹತ್ತಿರದ ಮೊಬೈಲ್ ಟವರ್‌ನಿಂದ ಸಿಗ್ನಲ್ ಹಿಡಿಯುತ್ತದೆ. ಅಲ್ಲಿಂದ ಒಂದು ಕೇಬಲ್ ಇಳಿದು ಒಳಗಿನ ವೈಫೈ ರೂಟರ್‌ಗೆ ಸೇರುತ್ತದೆ. ಅಂದರೆ ನಿಮ್ಮ ಮನೆಯ ಬ್ರಾಡ್‌ಬ್ಯಾಂಡ್ ಕೂಡ ಆ ಟವರ್‌ನ ಲೆಕ್ಕದಲ್ಲಿ ಒಂದು ದೊಡ್ಡ ಮೊಬೈಲ್ ಫೋನ್, ಅಷ್ಟೇ.

ಎಲ್ಲ ಕಡೆ ಅದು 5ಜಿಯೇ ಆಗಿರಬೇಕು ಅಂತಲೂ ಇಲ್ಲ. ಕೆಲವು ಸಂಪರ್ಕಗಳು ಪರವಾನಗಿ ಬೇಡದ 5 ಗಿಗಾಹರ್ಟ್ಸ್ ತರಂಗದಲ್ಲಿ ನಡೆಯುತ್ತವೆ. ನಿಮ್ಮ ಮನೆಯ ವೈಫೈ ಕೂಡ ಬಳಸುವ ತರಂಗ ಅದು. ಅದನ್ನು ಯಾರು ಬೇಕಾದರೂ ಬಳಸಬಹುದು. ಹಾಗಾಗಿ ಪಕ್ಕದವರ ಉಪಕರಣ ಅಡ್ಡ ಬಂದರೆ ಕೇಳುವ ಹಕ್ಕು ಯಾರಿಗೂ ಇಲ್ಲ. ಡಬ್ಬಿ ಯಾವ ತರಂಗದಲ್ಲಿ ಕೆಲಸ ಮಾಡುತ್ತದೆ ಎಂದು ಕನೆಕ್ಷನ್ ಕೊಡುವಾಗ ಹೇಳುವುದು ಕಡಿಮೆ. ಹೇಳಬೇಕಾದ ಮಾತು ಅದು.

ಒಂದು ಟವರ್, ನೂರು ಮನೆ

ನಿಧಾನಕ್ಕೆ ಮೊದಲ ಕಾರಣ ಹಂಚಿಕೆ. ಫೈಬರ್‌ನಲ್ಲೂ ಹಂಚಿಕೆ ಇದೆ. ಆದರೆ ಅಲ್ಲಿ ಜಾಗ ದೊಡ್ಡದು, ಬೇಕಾದಾಗ ಇನ್ನೊಂದು ಎಳೆ ಹಾಕಬಹುದು. ಗಾಳಿಯಲ್ಲಿ ಹಾಗಲ್ಲ. ಹರಾಜಿನಲ್ಲಿ ಕೊಂಡಷ್ಟೇ ತರಂಗ, ಅದನ್ನೇ ಎಲ್ಲರೂ ಹಂಚಿಕೊಳ್ಳಬೇಕು.

ಅರ್ಥವಾಗಲು ಒಂದು ಲೆಕ್ಕ ಹಾಕೋಣ. ಇದು ಯಾವುದೋ ನಿಜವಾದ ಟವರ್‌ನ ಅಂಕಿ ಅಲ್ಲ, ಉದಾಹರಣೆ ಮಾತ್ರ. ಟವರ್‌ನ ಒಂದು ಮುಖ, ಅಂದರೆ ಒಂದು ದಿಕ್ಕಿಗೆ ಸಿಗ್ನಲ್ ಕಳಿಸುವ ಆಂಟೆನಾ, ಒಟ್ಟು 600 ಎಂಬಿಪಿಎಸ್ ಕೊಡುತ್ತದೆ ಅಂದುಕೊಳ್ಳಿ. ಆ ಕಡೆ ಇರುವ 30 ಮನೆಗಳಿಗೆ 100 ಎಂಬಿಪಿಎಸ್ ಪ್ಲಾನ್ ಮಾರಲಾಗಿದೆ. ಮಾರಿದ್ದು 3,000, ಇರುವುದು 600. ಇದು ಮೋಸದ ಹಾಗೆ ಕಾಣುತ್ತದೆ, ಆದರೆ ಎಲ್ಲ ನೆಟ್‌ವರ್ಕ್‌ಗಳೂ ಕಟ್ಟಲ್ಪಡುವುದು ಹೀಗೆಯೇ. ಯಾಕೆಂದರೆ 30 ಮನೆಯವರೂ ಒಂದೇ ಕ್ಷಣಕ್ಕೆ ಪೂರ್ತಿ ವೇಗ ಎಳೆಯುವುದಿಲ್ಲ. ಮಧ್ಯಾಹ್ನ ಎರಡೇ ಮನೆಯವರು ಬಳಸುತ್ತಿದ್ದರೆ ಇಬ್ಬರಿಗೂ 100 ಸಿಗುತ್ತದೆ.

ತೊಂದರೆ ಬರುವುದು ರಾತ್ರಿ. ಎಂಟರಿಂದ ಹತ್ತರವರೆಗೆ 30 ಮನೆಯ ಟಿವಿಯೂ ಆನ್. ಐಪಿಎಲ್ ಮ್ಯಾಚ್ ಇದ್ದರೆ ಕೇಳುವುದೇ ಬೇಡ. ಆಗ ತಲಾ 20 ಎಂಬಿಪಿಎಸ್. ಎಚ್‌ಡಿ ವಿಡಿಯೋಗೆ ಸುಮಾರು 5 ಸಾಕು, ಹಾಗಾಗಿ ಇಷ್ಟಕ್ಕೆ ಯಾರೂ ದೂರುವುದಿಲ್ಲ. ಆದರೆ ಕಂಪನಿ 30ರ ಜಾಗದಲ್ಲಿ 100 ಮನೆಗೆ ಕನೆಕ್ಷನ್ ಕೊಟ್ಟಿದ್ದರೆ? ತಲಾ 6. ಅದೇ ಮುಖವನ್ನು ಬೀದಿಯ ಮೊಬೈಲ್ ಫೋನ್‌ಗಳೂ ಬಳಸುತ್ತವೆ. ಅಲ್ಲಿಗೆ ಚಕ್ರ ಸುತ್ತಲು ಶುರು.

ಇನ್ನೊಂದು ವಿಷಯ ಹೆಚ್ಚಿನವರ ಗಮನಕ್ಕೆ ಬಂದಿಲ್ಲ. ಟವರ್‌ನಿಂದ ದೂರ ಇರುವ, ಸಿಗ್ನಲ್ ಕ್ಷೀಣವಾಗಿರುವ ಮನೆ ತಾನು ನಿಧಾನವಾಗುವುದು ಮಾತ್ರವಲ್ಲ, ಉಳಿದವರನ್ನೂ ನಿಧಾನ ಮಾಡುತ್ತದೆ. ಸಿಗ್ನಲ್ ಚೆನ್ನಾಗಿರುವ ಮನೆಗೆ ಒಂದು ವಿಡಿಯೋ ಕಳಿಸಲು ಟವರ್‌ಗೆ ಒಂದು ಸೆಕೆಂಡ್ ಸಾಕಾದರೆ, ಸಿಗ್ನಲ್ ಕೆಟ್ಟಿರುವ ಮನೆಗೆ ಅದನ್ನೇ ಕಳಿಸಲು ಐದಾರು ಸೆಕೆಂಡ್ ಬೇಕಾಗಬಹುದು. ಆ ಹೊತ್ತೆಲ್ಲ ಬೇರೆಯವರ ಪಾಲಿನಿಂದ ಹೋದದ್ದು. ಹಾಗಾಗಿ ‘ಸಿಗ್ನಲ್ ಸ್ವಲ್ಪ ವೀಕ್ ಇದೆ, ಆದ್ರೂ ಹಾಕಿ ಕೊಡ್ತೇವೆ’ ಎಂಬ ಮಾತು ಉಪಕಾರ ಅಲ್ಲ. ಅಂಥ ಒಂದೊಂದು ಕನೆಕ್ಷನ್‌ಗೂ ಇಡೀ ಬೀದಿ ಬೆಲೆ ತೆರುತ್ತದೆ.

ಅಪ್‌ಲೋಡ್ ವಿಷಯವನ್ನೂ ಇಲ್ಲೇ ಹೇಳಿಬಿಡಬೇಕು. 5ಜಿಯ ಮುಖ್ಯ ತರಂಗದಲ್ಲಿ ಡೌನ್‌ಲೋಡ್ ಮತ್ತು ಅಪ್‌ಲೋಡ್ ಸರದಿಯ ಮೇಲೆ ನಡೆಯುತ್ತವೆ. ಸರದಿಯಲ್ಲಿ ದೊಡ್ಡ ಪಾಲು ಡೌನ್‌ಲೋಡ್‌ಗೆ. ಜಾಹೀರಾತಿನಲ್ಲಿ ದೊಡ್ಡದಾಗಿ ಕಾಣುವುದೂ ಅದೇ ಅಂಕಿ. ಮನೆಯಿಂದ ಕೆಲಸ ಮಾಡುವವರಿಗೆ ಬೇಕಾದದ್ದು ಅಪ್‌ಲೋಡ್. ನೀವು ಅವರನ್ನು ನೋಡುತ್ತೀರಿ, ಅವರಿಗೆ ನೀವು ಕಾಣುವುದಿಲ್ಲ ಅಂದರೆ ಕಾರಣ ಹೆಚ್ಚಾಗಿ ಇದೇ.

ಶೀಟ್, ಮುರಕಲ್ಲು, ಒದ್ದೆ ಎಲೆ

ಹಂಚಿಕೆಯ ತೊಂದರೆ ಬೆಂಗಳೂರಿನಲ್ಲೂ ಇದೆ, ದೆಹಲಿಯಲ್ಲೂ ಇದೆ. ಆದರೆ ಮಂಗಳೂರು, ಉಡುಪಿಯ ನೆಲಕ್ಕೇ ಸೇರಿದ ಕೆಲವು ಕಾರಣಗಳಿವೆ. ಇವನ್ನು ಬಿಟ್ಟು ಮಾತಾಡಿದರೆ ಅರ್ಧ ಮಾತ್ರ ಅರ್ಥವಾಗುತ್ತದೆ.

ನಮ್ಮ ಊರುಗಳು ಸಮತಟ್ಟಾಗಿಲ್ಲ. ಒಂದು ಗುಡ್ಡ, ಒಂದು ಇಳಿಜಾರು, ಕೆಳಗೆ ಬಯಲು, ಮತ್ತೆ ಗುಡ್ಡ. ಕುಲಶೇಖರದ ಏರಿನ ಮೇಲೆ ಟವರ್ ಇದ್ದರೆ ಕೆಳಗಿನ ಮನೆಗೆ ಅದು ಕಣ್ಣಿಗೆ ಬೀಳುವುದೇ ಇಲ್ಲ. 5ಜಿ ಹೆಚ್ಚಾಗಿ ಬಳಸುವ 3.3 ಗಿಗಾಹರ್ಟ್ಸ್ ಸುತ್ತಿನ ತರಂಗಕ್ಕೆ ಗುಡ್ಡ ದಾಟಿ ಬಾಗಿ ಬರುವ ಶಕ್ತಿ ಕಡಿಮೆ. ಹಳೆಯ 2ಜಿಯ 900 ಮೆಗಾಹರ್ಟ್ಸ್ ಸಿಗ್ನಲ್ ಅದೇ ಮನೆಗೆ ಆರಾಮವಾಗಿ ಬರುತ್ತಿತ್ತು. ‘ಮೊದಲು ಚೆನ್ನಾಗಿ ಸಿಗ್ತಿತ್ತು, ಹೊಸದು ಬಂದ ಮೇಲೆ ಹಾಳಾಯ್ತು’ ಎಂಬ ಹಿರಿಯರ ಮಾತನ್ನು ಸುಮ್ನೆ ತಳ್ಳಿಹಾಕಬೇಡಿ. ಅದರಲ್ಲಿ ನಿಜವಿದೆ.

ಎರಡನೆಯದು ಮನೆಯ ಸುತ್ತಿನ ಹಸಿರು. ತೆಂಗು, ಅಡಿಕೆ, ಹಲಸು, ಮಾವು ಇಲ್ಲದ ಹಿತ್ತಿಲು ಇಲ್ಲಿ ಅಪರೂಪ. ಎಲೆಗಳು ಸಿಗ್ನಲ್ ಹೀರುತ್ತವೆ. ಒದ್ದೆ ಎಲೆಗಳು ಇನ್ನೂ ಜಾಸ್ತಿ ಹೀರುತ್ತವೆ, ಯಾಕೆಂದರೆ ಈ ತರಂಗವನ್ನು ತಿನ್ನುವುದು ನೀರು. ಬೇಸಿಗೆಯಲ್ಲಿ ಡಬ್ಬಿ ಹಾಕಿ ಹೋದಾಗ ಟವರ್ ಕಡೆಗಿದ್ದ ತೆಂಗಿನ ಮಡಲುಗಳು ಒಣಗಿದ್ದವು. ಜುಲೈಯಲ್ಲಿ ಅದೇ ಮಡಲುಗಳಿಂದ ನೀರು ತೊಟ್ಟಿಕ್ಕುತ್ತದೆ, ಗಾಳಿಗೆ ಓಲಾಡುತ್ತದೆ. ಒಂದು ಓಲಾಟಕ್ಕೆ ಸಿಗ್ನಲ್ ಏರುತ್ತದೆ, ಇನ್ನೊಂದಕ್ಕೆ ಇಳಿಯುತ್ತದೆ. ಸ್ಪೀಡ್ ಟೆಸ್ಟ್‌ನ ಮುಳ್ಳು 80ಕ್ಕೂ 8ಕ್ಕೂ ನಡುವೆ ಕುಣಿಯುವುದಕ್ಕೆ ಇದು ಒಂದು ಕಾರಣ.

ಮೂರನೆಯದು ಶೀಟ್. ತಾರಸಿ ಮನೆ ಸೋರಬಾರದು ಎಂದು ಕರಾವಳಿಯಲ್ಲಿ ಮೇಲೊಂದು ತಗಡಿನ ಶೀಟ್ ಮಾಡು ಹಾಕಿಸುತ್ತಾರೆ. ಬಟ್ಟೆ ಒಣಗಿಸಲಿಕ್ಕೂ ಆಯಿತು, ಅಡಿಕೆ ಹರಡಲಿಕ್ಕೂ ಆಯಿತು. ಆದರೆ ಲೋಹದ ಶೀಟ್ ತರಂಗಕ್ಕೆ ಗೋಡೆ ಇದ್ದ ಹಾಗೆ, ಒಳಗೆ ಬಿಡುವುದಿಲ್ಲ. ಡಬ್ಬಿಯನ್ನು ಮಳೆಗೆ ನೆನೆಯದಿರಲಿ ಎಂದು ಆ ಶೀಟಿನ ಕೆಳಗೆ ಕೂರಿಸಿದರೆ, ಟವರ್ ಇರುವ ದಿಕ್ಕು ಶೀಟಿನ ಇಳಿಜಾರಿನ ಕಡೆ ಇದ್ದರೆ, ಆ ಕನೆಕ್ಷನ್ ಹುಟ್ಟುವಾಗಲೇ ಕುಂಟುತ್ತದೆ. ಹೊರಗಿಡಲೆಂದೇ ಮಾಡಿದ ಡಬ್ಬಿ ಮಳೆಗೆ ಹೆದರುವುದಿಲ್ಲ. ಅದನ್ನು ಶೀಟಿನ ಅಂಚಿನಿಂದ ಹೊರಗೆ, ಒಂದು ಕಂಬಕ್ಕೆ ಏರಿಸಿದರೆ ಎಷ್ಟೋ ಮನೆಗಳಲ್ಲಿ ಅರ್ಧ ಸಮಸ್ಯೆ ಮುಗಿಯುತ್ತದೆ. ಅದಕ್ಕೆ ಟೆಕ್ನೀಶಿಯನ್ ಇನ್ನೊಂದು ಗಂಟೆ ಕೊಡಬೇಕು.

ಇನ್ನು ಮನೆಯೊಳಗೆ. ಮುರಕಲ್ಲಿನ ದಪ್ಪ ಗೋಡೆ ಮಳೆಗಾಲದಲ್ಲಿ ತೇವ ಹೀರಿಕೊಂಡು ನಿಲ್ಲುತ್ತದೆ. ಹಾಲ್‌ನಲ್ಲಿರುವ ರೂಟರ್‌ನ ವೈಫೈ ಎರಡು ಗೋಡೆ ದಾಟಿ ಹಿಂದಿನ ಕೋಣೆಗೆ ಹೋಗುವಷ್ಟರಲ್ಲಿ ಸೋತಿರುತ್ತದೆ. ಇದು ಟವರ್‌ನ ತಪ್ಪಲ್ಲ, ಕಂಪನಿಯ ನೆಟ್‌ವರ್ಕ್‌ನ ತಪ್ಪೂ ಅಲ್ಲ. ಲ್ಯಾಪ್‌ಟಾಪ್‌ಗೆ ನೇರ ಲ್ಯಾನ್ ಕೇಬಲ್ ಚುಚ್ಚಿ ಟೆಸ್ಟ್ ಮಾಡಿದರೆ ತೊಂದರೆ ಒಳಗಿನದೋ ಹೊರಗಿನದೋ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ.

‘ಮಳೆಗೆ ನೆಟ್ ಹೋಗ್ತದೆ’ ಎಂಬುದು ನಿಜವೇ?

ಈ ಎರಡು ಜಿಲ್ಲೆಗಳಲ್ಲಿ ವರ್ಷಕ್ಕೆ 3,500 ಮಿಲಿಮೀಟರ್ ಮೀರಿ ಮಳೆ ಸುರಿಯುತ್ತದೆ. ಹಾಗಾಗಿ ಈ ಪ್ರಶ್ನೆಗೆ ಸ್ವಲ್ಪ ತಾಳ್ಮೆಯಿಂದ ಉತ್ತರ ಹುಡುಕಬೇಕು.

ಟವರ್‌ನಿಂದ ನಿಮ್ಮ ಮನೆಗೆ ಬರುವ 3.3 ಗಿಗಾಹರ್ಟ್ಸ್ ಸಿಗ್ನಲ್‌ಗೆ ಮಳೆ ಹನಿಗಳಿಂದ ಆಗುವ ನಷ್ಟ ಬಹಳ ಕಡಿಮೆ. ಹಾಗಾದರೆ ಮಳೆ ಬಂದಾಗ ನೆಟ್ ಯಾಕೆ ಹೋಗುತ್ತದೆ? ಉತ್ತರ ಟವರ್‌ನ ಹಿಂಬದಿಯಲ್ಲಿದೆ. ಟವರ್‌ಗೂ ಇಂಟರ್ನೆಟ್ ಎಲ್ಲಿಂದಲೋ ಬರಬೇಕಲ್ವಾ? ಕೆಲವು ಟವರ್‌ಗಳಿಗೆ ಅದು ಫೈಬರ್‌ನಲ್ಲಿ ಬರುತ್ತದೆ. ಉಳಿದವಕ್ಕೆ ಇನ್ನೊಂದು ಟವರ್‌ನಿಂದ ಮೈಕ್ರೋವೇವ್ ಕೊಂಡಿಯಲ್ಲಿ ಬರುತ್ತದೆ. ಟವರ್ ಮೇಲೆ ಡೋಲಿನ ಹಾಗೆ ಕಾಣುವ ಉರುಟು ಬಿಳಿ ಆಂಟೆನಾ ಅದರದ್ದು. ಆ ಕೊಂಡಿಗಳು 15, 18, 21 ಗಿಗಾಹರ್ಟ್ಸ್‌ನಂಥ ಎತ್ತರದ ತರಂಗಗಳಲ್ಲಿ ನಡೆಯುತ್ತವೆ. ಸುಮಾರು 10 ಗಿಗಾಹರ್ಟ್ಸ್ ದಾಟಿದ ಮೇಲೆ ಮಳೆ ಹನಿಗಳು ನಿಜವಾಗಿಯೂ ಸಿಗ್ನಲ್ ತಿನ್ನುತ್ತವೆ. ಆಟಿ ತಿಂಗಳ (ತುಳುನಾಡಿನ ಮಳೆಗಾಲದ ತಿಂಗಳು) ಜಡಿಮಳೆಯಲ್ಲಿ ಕೊಂಡಿ ಕಡಿದುಹೋಗದಿರಲಿ ಎಂದು ಉಪಕರಣ ತಾನೇ ವೇಗ ಇಳಿಸಿಕೊಳ್ಳುತ್ತದೆ. ಮೊದಲಿನ ಲೆಕ್ಕಕ್ಕೆ ವಾಪಸ್ ಹೋಗಿ. ಟವರ್‌ನ ಮುಖ 600 ಕೊಡಬಲ್ಲದು, ಆದರೆ ಹಿಂದಿನಿಂದ ಬರುವುದು 200ಕ್ಕೆ ಇಳಿಯಿತು. 30 ಮನೆಗೆ ತಲಾ 7 ಕೂಡ ಇಲ್ಲ. ನಿಮ್ಮ ರೂಟರ್‌ನಲ್ಲಿ ಸಿಗ್ನಲ್ ಮಾತ್ರ ಪೂರ್ತಿ ಕಾಣುತ್ತಿರುತ್ತದೆ, ಯಾಕೆಂದರೆ ಟವರ್ ಮತ್ತು ಮನೆಯ ನಡುವೆ ಏನೂ ಕೆಟ್ಟಿಲ್ಲ. ‘ಸಿಗ್ನಲ್ ಫುಲ್ ಇದೆಯಲ್ಲ ಸರ್’ ಎಂದು ಕಸ್ಟಮರ್ ಕೇರ್‌ನವರು ಹೇಳುವುದೂ ಅದಕ್ಕೇ.

2019ರ ಡಿಸೆಂಬರ್‌ನಲ್ಲಿ ಶುರುವಾದ ರಾಷ್ಟ್ರೀಯ ಬ್ರಾಡ್‌ಬ್ಯಾಂಡ್ ಮಿಷನ್, ಶೇ 70ರಷ್ಟು ಟವರ್‌ಗಳಿಗೆ ಫೈಬರ್ ಮುಟ್ಟಿಸುವ ಗುರಿ ಇಟ್ಟುಕೊಂಡಿತ್ತು. ಗಡುವು ಬಂದಾಗ ದೇಶದ ಅರ್ಧದಷ್ಟು ಟವರ್‌ಗಳಿಗೂ ಅದು ಮುಟ್ಟಿರಲಿಲ್ಲ. ಗುಡ್ಡ ತಗ್ಗುಗಳ ಊರಿನಲ್ಲಿ ಫೈಬರ್ ಎಳೆಯುವುದು ಇನ್ನೂ ಕಷ್ಟ.

ಫೈಬರ್ ಇದ್ದರೂ ಅದು ಉಳಿಯಬೇಕು. ಹೆದ್ದಾರಿ 66ರ ಕೆಲಸ, ಉಡುಪಿ–ಮಣಿಪಾಲ ಕಡೆಯ 169ಎ ಅಗಲೀಕರಣ, ಮಂಗಳೂರಿನಲ್ಲಿ ಜಲಸಿರಿ ನೀರಿನ ಪೈಪು, ಗ್ಯಾಸ್ ಪೈಪು. ವರ್ಷಗಳಿಂದ ಇಲ್ಲಿ ನೆಲ ಅಗೆಯುವುದು ನಿಂತಿಲ್ಲ. ಒಂದು ಜೆಸಿಬಿ ಹಲ್ಲು ತಗುಲಿದರೆ ಹತ್ತಾರು ಟವರ್ ಒಟ್ಟಿಗೆ ಬಡವಾಗುತ್ತವೆ. ಅಗೆಯುವ ಮೊದಲು ಕೇಬಲ್ ಮಾಲೀಕರಿಗೆ ತಿಳಿಸಲೆಂದೇ ಕೇಂದ್ರ ಸರ್ಕಾರ 2023ರ ಮಾರ್ಚ್‌ನಲ್ಲಿ ‘ಕಾಲ್ ಬಿಫೋರ್ ಯು ಡಿಗ್’ ಎಂಬ ಆ್ಯಪ್ ತಂದಿದೆ. ಬೀದಿಯ ಗುತ್ತಿಗೆದಾರರವರೆಗೆ ಅದು ತಲುಪದಿದ್ದರೆ ಪ್ರಯೋಜನವಿಲ್ಲ.

ಕರೆಂಟ್ ವಿಷಯ ಎಲ್ಲರಿಗೂ ಗೊತ್ತು. ಮರ ಬಿದ್ದು ಮೆಸ್ಕಾಂ ಲೈನ್ ಹೋದರೆ ಟವರ್ ಬ್ಯಾಟರಿ ಮೇಲೆ ಓಡುತ್ತದೆ. ಬ್ಯಾಟರಿ ಮುಗಿದರೆ, ಜನರೇಟರ್‌ಗೆ ಡೀಸೆಲ್ ಇಲ್ಲದಿದ್ದರೆ, ಸುಳ್ಯ, ಬೆಳ್ತಂಗಡಿ, ಬೈಂದೂರಿನ ಒಳಭಾಗಗಳಲ್ಲಿ ಟವರೇ ಮಲಗುತ್ತದೆ.

‘ವರೆಗೆ’ ಎಂಬ ಪುಟ್ಟ ಪದ

ಇಷ್ಟೆಲ್ಲ ಕಾರಣಗಳು ಕಂಪನಿಗಳಿಗೆ ಗೊತ್ತಿಲ್ಲದ್ದೇನಲ್ಲ. ಅದಕ್ಕೇ ಪ್ಲಾನ್‌ನಲ್ಲಿ ‘100 ಎಂಬಿಪಿಎಸ್’ ಎಂದು ಇರುವುದಿಲ್ಲ, ‘100 ಎಂಬಿಪಿಎಸ್‌ವರೆಗೆ’ ಎಂದು ಇರುತ್ತದೆ. 100 ದಾಟದಿದ್ದರೆ ಮಾತು ಉಳಿಸಿಕೊಂಡ ಹಾಗೆ. 3 ಬಂದರೂ ಮಾತು ತಪ್ಪಿದ ಹಾಗಲ್ಲ.

ಆದರೆ ಮನೆ ಬಾಗಿಲಿಗೆ ಬರುವ ಏಜೆಂಟ್ ‘ವರೆಗೆ’ ಎನ್ನುವುದಿಲ್ಲ. ‘100 ಸಿಗ್ತದೆ, ಅನ್‌ಲಿಮಿಟೆಡ್’ ಎನ್ನುತ್ತಾರೆ. ಅಳವಡಿಕೆ ನಡೆಯುವುದು ಹೆಚ್ಚಾಗಿ ಹಗಲು ಹೊತ್ತಿನಲ್ಲಿ. ಟವರ್ ಖಾಲಿ ಇರುವ ಸಮಯ ಅದು. ಟೆಕ್ನೀಶಿಯನ್ ರೂಟರ್ ಪಕ್ಕದಲ್ಲೇ ನಿಂತು ಟೆಸ್ಟ್ ಮಾಡಿ ತೋರಿಸುತ್ತಾರೆ. 90ರ ಮೇಲೆ ಬಂದಿರುತ್ತದೆ. ಅದೂ ಸುಳ್ಳಲ್ಲ. ಅಲ್ಲಿಯೇ ಆರು ತಿಂಗಳ ಅಥವಾ ವರ್ಷದ ಹಣ ಕಟ್ಟಿಸಿಕೊಳ್ಳುತ್ತಾರೆ, ಕಂತು ದೊಡ್ಡದಾದಷ್ಟೂ ಅಳವಡಿಕೆ ಶುಲ್ಕ ಮನ್ನಾ ಎಂಬ ಆಸೆ ತೋರಿಸಿ. ಅನ್‌ಲಿಮಿಟೆಡ್ ಎಂಬುದಕ್ಕೂ ಕೆಲವು ಪ್ಲಾನ್‌ಗಳಲ್ಲಿ ತಿಂಗಳಿಗೆ 1,000 ಜಿಬಿ ಎಂಬ ಗಡಿ ಇದೆ. ಅದು ಸಣ್ಣ ಅಕ್ಷರದಲ್ಲಿ ಇರುತ್ತದೆ.

ಬಾಯಿಮಾತಿನ ಭರವಸೆ ಮತ್ತು ಬರೆದುಕೊಟ್ಟ ಕರಾರು, ಇವೆರಡರ ನಡುವಿನ ಸಂದಿಯಲ್ಲೇ ಗ್ರಾಹಕರ ಸಿಟ್ಟು ಹುಟ್ಟುತ್ತಿದೆ. ಆ ಸಿಟ್ಟು ನ್ಯಾಯವಾದದ್ದು ಎಂದೇ ನನ್ನ ಅಭಿಪ್ರಾಯ. ಗುಡ್ಡ, ಮಳೆ, ಮರ ಯಾವುದೂ ಕಂಪನಿ ಬಂದ ಮೇಲೆ ಹುಟ್ಟಿದ್ದಲ್ಲ. ಮಾರುವ ದಿನ ಗೊತ್ತಿದ್ದ ಕಾರಣವನ್ನು ದೂರು ಕೊಟ್ಟ ದಿನ ಹೇಳುವುದು ಸರಿಯಲ್ಲ.

ಕಾನೂನು ಅಳೆಯುವುದು ಏನನ್ನು?

ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2024ರ ಆಗಸ್ಟ್‌ನಲ್ಲಿ ಸೇವಾ ಗುಣಮಟ್ಟದ ಹೊಸ ನಿಯಮ ಹೊರಡಿಸಿತು. ಅಕ್ಟೋಬರ್ 1ರಿಂದ ಅದು ಜಾರಿಗೆ ಬಂತು. ಮಾನದಂಡ ತಪ್ಪಿದರೆ ಹಾಕುವ ದಂಡ 50,000 ರೂಪಾಯಿಯಿಂದ 1 ಲಕ್ಷಕ್ಕೆ ಏರಿತು, ತಪ್ಪಿನ ತೂಕ ನೋಡಿ 10 ಲಕ್ಷದವರೆಗೂ ಹೋಗಬಹುದು. ಎಲ್ಲೆಲ್ಲಿ ಯಾವ ಸೇವೆ ಸಿಗುತ್ತದೆ ಎಂಬ ನಕ್ಷೆಯನ್ನು ಕಂಪನಿಗಳು ತಮ್ಮ ಜಾಲತಾಣದಲ್ಲಿ ಹಾಕಬೇಕಾಯಿತು. ಮೂರು ತಿಂಗಳಿಗೊಮ್ಮೆ ಇದ್ದ ಪರಿಶೀಲನೆ 2025ರ ಏಪ್ರಿಲ್‌ನಿಂದ ತಿಂಗಳಿಗೊಮ್ಮೆ ಎಂದಾಯಿತು. ಜಿಲ್ಲೆಯಲ್ಲಿ 24 ಗಂಟೆ ಮೀರಿ ದೊಡ್ಡ ಮಟ್ಟದಲ್ಲಿ ಸೇವೆ ನಿಂತರೆ ಗ್ರಾಹಕರಿಗೆ ಪರಿಹಾರ ಕೊಡಬೇಕು ಎಂಬ ನಿಯಮವೂ ಬಂತು.

ಒಳ್ಳೆಯ ಹೆಜ್ಜೆಗಳೇ. ಆದರೂ ನಿಮ್ಮ ಮನೆಯ ನಿಧಾನ ಇವುಗಳ ಬಲೆಗೆ ಬೀಳುವುದಿಲ್ಲ. ಗುಣಮಟ್ಟದ ಅಂಕಿ ಲೆಕ್ಕ ಹಾಕುವುದು ಸೇವಾ ವಲಯದ ಮಟ್ಟದಲ್ಲಿ. ಇಡೀ ಕರ್ನಾಟಕ ಒಂದು ವಲಯ. ಬೆಂಗಳೂರಿನ ಸಾವಿರಾರು ಟವರ್‌ಗಳ ಒಳ್ಳೆಯ ಅಂಕಿಯ ಜೊತೆ ಹಿರಿಯಡ್ಕದ ಒಂದು ಟವರ್‌ನ ಕೆಟ್ಟ ಅಂಕಿ ಸೇರಿದರೆ ಸರಾಸರಿ ಕದಲುವುದೂ ಇಲ್ಲ. ಟ್ರಾಯ್ ಮಾಡಿಸುವ ಡ್ರೈವ್ ಟೆಸ್ಟ್‌ನಲ್ಲಿ ವಾಹನ ರಸ್ತೆಯಲ್ಲಿ ಓಡುತ್ತದೆ. ಶೀಟಿನ ಕೆಳಗೆ, ಮುರಕಲ್ಲಿನ ಗೋಡೆಯೊಳಗೆ ಅದು ಬರುವುದಿಲ್ಲ. 24 ಗಂಟೆಯ ಪರಿಹಾರವೂ ಸೇವೆ ನಿಂತಾಗ ಮಾತ್ರ. ನಿಧಾನ ಆದರೆ ಅದು ನಿಂತ ಹಾಗಲ್ಲ.

ಇದೆಲ್ಲಕ್ಕಿಂತ ಅಚ್ಚರಿಯ ಅಂಶ ಬ್ರಾಡ್‌ಬ್ಯಾಂಡ್‌ನ ಅರ್ಥದಲ್ಲೇ ಇದೆ. 2004ರಲ್ಲಿ 256 ಕೆಬಿಪಿಎಸ್ (ಸಾವಿರ ಕೆಬಿಪಿಎಸ್ ಸೇರಿದರೆ ಒಂದು ಎಂಬಿಪಿಎಸ್) ಇದ್ದರೆ ಬ್ರಾಡ್‌ಬ್ಯಾಂಡ್ ಎನ್ನುತ್ತಿದ್ದರು. 2013ರಲ್ಲಿ 512 ಆಯಿತು. 2023ರ ಜನವರಿಯಲ್ಲಿ 2 ಎಂಬಿಪಿಎಸ್ ಎಂದಾಯಿತು. ಹಾಗಾಗಿ 100ರ ಪ್ಲಾನ್‌ನಲ್ಲಿ ರಾತ್ರಿಯೆಲ್ಲ 3 ಬರುತ್ತಿದ್ದರೂ ಆ ವ್ಯಾಖ್ಯೆಯ ಪ್ರಕಾರ ನಿಮಗೆ ಬ್ರಾಡ್‌ಬ್ಯಾಂಡ್ ಸಿಗುತ್ತಲೇ ಇದೆ.

ಬ್ರಿಟನ್‌ನಲ್ಲಿ 2018ರ ಮೇ ತಿಂಗಳಿಂದ ಬ್ರಾಡ್‌ಬ್ಯಾಂಡ್ ಜಾಹೀರಾತಿನಲ್ಲಿ ‘ವರೆಗೆ’ ಲೆಕ್ಕ ನಡೆಯುವುದಿಲ್ಲ. ರಾತ್ರಿ 8ರಿಂದ 10ರ ನಡುವೆ ಕನಿಷ್ಠ ಅರ್ಧದಷ್ಟು ಗ್ರಾಹಕರಿಗೆ ಸಿಗುವ ವೇಗವನ್ನೇ ಹೇಳಬೇಕು. 2019ರಿಂದ ಅಲ್ಲಿನ ದೊಡ್ಡ ಕಂಪನಿಗಳು ಒಪ್ಪಿದ ಸಂಹಿತೆಯ ಪ್ರಕಾರ, ಸೇರುವಾಗಲೇ ಕನಿಷ್ಠ ವೇಗ ಹೇಳಬೇಕು. ವೇಗ ಅದಕ್ಕಿಂತ ಇಳಿದು 30 ದಿನದಲ್ಲಿ ಸರಿಯಾಗದಿದ್ದರೆ ಗ್ರಾಹಕರು ದಂಡವಿಲ್ಲದೆ ಹೊರಬರಬಹುದು. ರಾತ್ರಿ ಎಂಟರ ವೇಗವನ್ನು ಅಳೆಯಲು, ಬರೆದು ಕೊಡಲು ಆಗುತ್ತದೆ ಎಂಬುದಕ್ಕೆ ಇಷ್ಟು ಸಾಕ್ಷಿ ಸಾಲದೇ?

ಕಂಪನಿಗಳ ಮಾತಿನಲ್ಲಿರುವ ಸತ್ಯ

ಕಂಪನಿಗಳ ವಾದವನ್ನೂ ಕೇಳಬೇಕು. 2022ರ ಹರಾಜಿನಲ್ಲಿ ತರಂಗಕ್ಕಾಗಿ ಎಲ್ಲ ಕಂಪನಿಗಳೂ ಸೇರಿ ಸುಮಾರು 1.5 ಲಕ್ಷ ಕೋಟಿ ರೂಪಾಯಿಗೆ ಬಿಡ್ ಹಾಕಿವೆ. ಟವರ್ ಹೆಚ್ಚಿಸಿ ಎಂದರೆ ಜಾಗ ಕೊಡುವವರಿಲ್ಲ. ಬಡಾವಣೆಯಲ್ಲಿ ಟವರ್ ಬೇಡ ಎಂದು ಮನವಿ ಕೊಡುವವರೂ, ಸಿಗ್ನಲ್ ಇಲ್ಲ ಎಂದು ದೂರುವವರೂ ಎಷ್ಟೋ ಸಲ ಒಂದೇ ಬಡಾವಣೆಯವರು. ವಿಕಿರಣದ ಭಯ ಸಹಜ. ಆದರೆ 2012ರ ಸೆಪ್ಟೆಂಬರ್‌ನಿಂದ ಭಾರತದ ಟವರ್‌ಗಳಿಗೆ ಇರುವ ಮಿತಿ ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದು ಭಾಗ. ಟವರ್‌ನ ಶಕ್ತಿ ಕಡಿಮೆ ಇದ್ದರೆ ಟವರ್‌ಗಳು ಹತ್ತಿರ ಹತ್ತಿರ ಬೇಕು. ಒಂದನ್ನು ತಡೆದರೆ ದೂರದ ಇನ್ನೊಂದರ ಮೇಲೆ ಹೊರೆ.

ಫೈಬರ್ ಎಳೆಯಲು ಪಂಚಾಯತ್, ಪಾಲಿಕೆ, ಹೆದ್ದಾರಿ ಪ್ರಾಧಿಕಾರ, ಎಲ್ಲರ ಅನುಮತಿ ಬೇಕು. 2023ರ ದೂರಸಂಪರ್ಕ ಕಾಯ್ದೆಯ ಅಡಿಯಲ್ಲಿ ಹೊಸ ಮಾರ್ಗಹಕ್ಕು (ಕೇಬಲ್, ಟವರ್‌ಗೆ ಜಾಗ ಬಳಸುವ ಅನುಮತಿ) ನಿಯಮಗಳು 2025ರ ಜನವರಿ 1ರಿಂದ ಜಾರಿಗೆ ಬಂದು ಇದನ್ನು ಸ್ವಲ್ಪ ಸುಲಭ ಮಾಡಿವೆ.

ಈ ವಾದಗಳೆಲ್ಲ ‘ಯಾಕೆ ನಿಧಾನ’ ಎಂಬುದಕ್ಕೆ ಉತ್ತರ. ‘ಟವರ್ ತುಂಬಿದೆ ಎಂದು ಗೊತ್ತಿದ್ದೂ 101ನೇ ಮನೆಗೆ ಯಾಕೆ ಮಾರಿದಿರಿ’ ಎಂಬುದಕ್ಕೆ ಇದರಲ್ಲಿ ಉತ್ತರ ಇಲ್ಲ. ಯಾವ ಟವರ್‌ನ ಯಾವ ಮುಖ ಎಷ್ಟು ತುಂಬಿದೆ ಎಂಬುದು ಕಂಪನಿಯ ಕಂಪ್ಯೂಟರ್‌ನಲ್ಲಿ ಗಂಟೆಗಂಟೆಗೂ ದಾಖಲಾಗುತ್ತದೆ.

ದೂರು ಎಲ್ಲಿಗೆ?

ಇಲ್ಲಿ ಹೆಚ್ಚಿನವರು ದಾರಿ ತಪ್ಪುತ್ತಾರೆ. ಟ್ರಾಯ್ ಒಬ್ಬೊಬ್ಬರ ದೂರನ್ನು ಬಗೆಹರಿಸುವ ಕಚೇರಿ ಅಲ್ಲ. ಮೊದಲು ಕಂಪನಿಯ ದೂರು ಕೇಂದ್ರಕ್ಕೆ ಹೇಳಬೇಕು, ಡಾಕೆಟ್ ನಂಬರ್ (ದೂರಿನ ನೋಂದಣಿ ಸಂಖ್ಯೆ) ಪಡೆಯಲೇಬೇಕು. ಬಾಯಿಮಾತಲ್ಲಿ ಏಜೆಂಟ್‌ಗೆ ಹೇಳಿದ್ದು ದೂರು ಅಂತ ಲೆಕ್ಕಕ್ಕೆ ಬರುವುದಿಲ್ಲ. ಅಲ್ಲಿ ಸರಿಯಾಗದಿದ್ದರೆ 30 ದಿನದೊಳಗೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಅದಕ್ಕೆ ಶುಲ್ಕ ಇಲ್ಲ. 2012ರ ನಿಯಮದ ಪ್ರಕಾರ 39 ದಿನದಲ್ಲಿ ಅದು ಇತ್ಯರ್ಥವಾಗಬೇಕು. ಈ ಎರಡನೇ ಮೆಟ್ಟಿಲು ಇದೆ ಎಂಬುದೇ ಹಲವರಿಗೆ ಗೊತ್ತಿಲ್ಲ.

ಅದರಾಚೆ ಗ್ರಾಹಕರ ಆಯೋಗ. ಟೆಲಿಫೋನ್ ವಿವಾದ ಗ್ರಾಹಕ ನ್ಯಾಯಾಲಯಕ್ಕೆ ಬರುವಂತಿಲ್ಲ ಎಂದು ಕಂಪನಿಗಳು ಬಹಳ ಕಾಲ ವಾದಿಸಿದವು. 1885ರ ಟೆಲಿಗ್ರಾಫ್ ಕಾಯ್ದೆಯನ್ನು ಮುಂದಿಟ್ಟುಕೊಂಡಿದ್ದ ಆ ವಾದವನ್ನು 2022ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ‘ಸೇವೆ’ಯ ಪಟ್ಟಿಯಲ್ಲಿ ದೂರಸಂಪರ್ಕದ ಹೆಸರೇ ಇದೆ. ನೀವು ವಾಸವಿರುವ ಜಿಲ್ಲೆಯಲ್ಲೇ, ಅಂದರೆ ಮಂಗಳೂರಿನಲ್ಲೋ ಉಡುಪಿಯಲ್ಲೋ ಇರುವ ಜಿಲ್ಲಾ ಆಯೋಗದಲ್ಲಿ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ. ವಕೀಲರು ಬೇಕೆಂದೂ ಇಲ್ಲ. 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಿದರೆ ಮೊದಲ ಮಾತುಕತೆ ಅಲ್ಲೇ ಆಗುತ್ತದೆ.

ಆದರೆ ‘ತುಂಬಾ ನಿಧಾನ’ ಎಂಬ ಮಾತಿಗೆ ಎಲ್ಲೂ ಬೆಲೆ ಇಲ್ಲ. ಲ್ಯಾನ್ ಕೇಬಲ್ ಹಾಕಿದ ಲ್ಯಾಪ್‌ಟಾಪ್‌ನಲ್ಲಿ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂಟೂವರೆಗೆ, ಒಂದು ವಾರ ಟೆಸ್ಟ್ ಮಾಡಿ ದಿನಾಂಕ ಸಮೇತ ಸ್ಕ್ರೀನ್‌ಶಾಟ್ ಇಟ್ಟುಕೊಂಡರೆ ಮಾತಿಗೆ ತೂಕ ಬರುತ್ತದೆ. ಏಜೆಂಟ್ ಕಳಿಸಿದ ವಾಟ್ಸ್ಆ್ಯಪ್ ಜಾಹೀರಾತನ್ನು ಅಳಿಸಬೇಡಿ. ‘ವರೆಗೆ’ ಇಲ್ಲದೆ ಕೊಟ್ಟ ಭರವಸೆ ಇರುವುದು ಅಲ್ಲೇ.

ಮುಂದೆ ಏನಾಗಬಹುದು

ಈಗಿನ ಹಾಗೆಯೇ ಮುಂದುವರಿದರೆ ಊರು ಎರಡಾಗುತ್ತದೆ. ಫೈಬರ್ ಹೋಗಬಲ್ಲ ಕದ್ರಿ, ಬಿಜೈ, ಮಣಿಪಾಲದಂಥ ಕಡೆ ಜನ ವೈರ್‌ಲೆಸ್ ಬಿಟ್ಟು ಫೈಬರ್‌ಗೆ ಮರಳುತ್ತಾರೆ. ಸ್ಥಳೀಯ ಕೇಬಲ್‌ನವರಿಗೂ ಅದರಿಂದ ಕೆಲಸ ಸಿಗುತ್ತದೆ. ಫೈಬರ್ ಇಲ್ಲದ ಒಳಭಾಗದ ಮನೆಗಳಿಗೆ ಬೇರೆ ದಾರಿಯೇ ಇಲ್ಲ. ಅವರಿಗೇ ವೈರ್‌ಲೆಸ್ ಹೆಚ್ಚು ಬೇಕು, ಅಲ್ಲೇ ಅದು ಹೆಚ್ಚು ಸೋಲುತ್ತದೆ. ಮನೆಯಿಂದ ಕೆಲಸ ಮಾಡಿಕೊಂಡು ಊರಲ್ಲೇ ಇರುತ್ತೇನೆ ಎಂದು ಬಂದವರು ಎರಡು ಕಂಪನಿಯ ಕನೆಕ್ಷನ್ ಇಟ್ಟುಕೊಳ್ಳುತ್ತಾರೆ, ಅಥವಾ ಬೆಂಗಳೂರಿಗೆ ವಾಪಸ್ ಹೋಗುತ್ತಾರೆ. ಮನೆಗಳ ಟಿವಿ ಹೊರೆ ಟವರ್ ಮೇಲೆ ಹೆಚ್ಚಾದಷ್ಟೂ ಆ ಬೀದಿಯ ಮೊಬೈಲ್ ಬಳಕೆದಾರರೂ ನಿಧಾನವಾಗುತ್ತಾರೆ. ಬ್ರಾಡ್‌ಬ್ಯಾಂಡ್ ತೆಗೆದುಕೊಳ್ಳದವರೂ ಅದರ ಬೆಲೆ ಕೊಡುತ್ತಾರೆ.

ಹಳ್ಳಿಗಳಿಗೆ ಇಂಟರ್ನೆಟ್ ಒಯ್ಯುವ ಸರ್ಕಾರಿ ಯೋಜನೆಯಾದ, ಪಂಚಾಯತ್‌ವರೆಗೆ ಬಂದಿರುವ ಭಾರತ್‌ನೆಟ್‌ನ ಫೈಬರ್ ಅಲ್ಲಿಂದ ಮನೆಗಳಿಗೂ ಹತ್ತಿರದ ಟವರ್‌ಗಳಿಗೂ ಹರಿದರೆ ಚಿತ್ರ ಬದಲಾಗಬಹುದು. ಅದಕ್ಕೆ ವರ್ಷಗಳು ಬೇಕು. ಅಷ್ಟು ಕಾಯದೆ ಆಗಬಹುದಾದ ಕೆಲಸಗಳೂ ಇವೆ. ರಾತ್ರಿ ಎಂಟರಿಂದ ಹತ್ತರ ಕನಿಷ್ಠ ವೇಗವನ್ನು ಕರಾರಿನಲ್ಲಿ ಬರೆಯುವುದು, ತುಂಬಿದ ಟವರ್‌ನಲ್ಲಿ ಹೊಸ ಮಾರಾಟ ನಿಲ್ಲಿಸುವುದು, ಸಿಗ್ನಲ್ ಸಾಲದ ಮನೆಯಲ್ಲಿ ಅಳವಡಿಸದೆ ಹಣ ಹಿಂತಿರುಗಿಸುವುದು. ಇವುಗಳಿಗೆ ಸಂಸತ್ತಿನಲ್ಲಿ ಹೊಸ ಕಾನೂನು ಬೇಕಾಗಿಲ್ಲ. 2024ರ ಗುಣಮಟ್ಟದ ನಿಯಮಗಳನ್ನು ಮಾಡಿದ್ದು 1997ರ ಟ್ರಾಯ್ ಕಾಯ್ದೆಯ ಅಧಿಕಾರದಿಂದ. ಅದೇ ಅಧಿಕಾರದಿಂದ ಒಂದು ತಿದ್ದುಪಡಿ ತಂದರೆ ಸಾಕು.

ಅಲ್ಲಿಯವರೆಗೆ ವರ್ಷದ ಪ್ಲಾನ್‌ಗೆ ಒಟ್ಟಿಗೆ ದುಡ್ಡು ಕಟ್ಟುವ ಮೊದಲು ಸಾಧ್ಯವಾದಷ್ಟು ಚಿಕ್ಕ ಅವಧಿಯ ಪ್ಲಾನ್ ಹಾಕಿಸಿ ನೋಡುವುದು ಒಳ್ಳೆಯದು. ಅದೂ ಜುಲೈಯಲ್ಲಿ, ಮಡಲುಗಳು ನೆನೆದಿರುವಾಗ, ರಾತ್ರಿ ಎಂಟೂವರೆಗೆ.